ತಪ್ಪು ಕಣ್ಣಿನದಲ್ಲ

"ಅಮ್ಮಿ, ನನಗಿನ್ನು ಈ ರೈಫಲ್ ಬೇಡ."

ಮಗಳು ಹೀಗೆಂದು ಏರ್ ರೈಫಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮದು ಮೋಟೆಬೆನ್ನೂರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹದೇವರ ಹುಟ್ಟೂರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಪೊಲೀಸರ ಗುಂಡಿಗೆ ಬಲಿಯಾದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಇಂಥ ಊರಲ್ಲಿ ಬಂದೂಕು ಆಟದ ವಸ್ತುವಲ್ಲ. ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಿಡಿದು ಬಂದ ಮಗಳು, ಸೋದರಮಾವನ ಅಟ್ಟದಲ್ಲಿದ್ದ ಹಳೆಯ ಸ್ಪ್ರಿಂಗ್ ಏರ್ ರೈಫಲ್ ತಂದಾಗ ನಾನು ಒಪ್ಪಿರಲಿಲ್ಲ. ಒಪ್ಪಿಸಿದವರು ನನ್ನ ಅಬ್ಬಾ.

"ಹಕ್ಕಿಯಾಗಲಿ ಅಳಿಲಾಗಲಿ, ಯಾವ ಜೀವದ ಕಡೆಗೂ ತಿರುಗಿಸಬಾರದು. ದೊಡ್ಡವರೊಬ್ಬರು ಜೊತೆಗಿರಬೇಕು" ಎಂದು ಮೊಮ್ಮಗಳಿಂದ ಮಾತು ತೆಗೆದುಕೊಂಡು, ಹಿತ್ತಲಿನ ಮಣ್ಣಿನ ದಿಬ್ಬದ ಮುಂದೆ ಮರಳಿನ ಚೀಲ ಪೇರಿಸಿಕೊಟ್ಟರು. ಹತ್ತು ಮೀಟರ್ ದೂರದಿಂದ ಅವಳು ಹೊಡೆದ ಐದು ಪೆಲೆಟ್‌ಗಳು ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ಬೀಳುತ್ತಿದ್ದವು.

ಅಷ್ಟರಲ್ಲಿ ರೈಫಲಿನ ಮರದ ಹಿಡಿ ಸೀಳಿತು. ಅಬ್ಬಾ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಸಾಗುವಾನಿಯಲ್ಲಿ ಹೊಸ ಹಿಡಿ ಕೆತ್ತಿದರು. ಕಬ್ಬಿಣದ ಭಾಗ ಸರಿಯಾಗಿ ಕೂರಲೆಂದು ಎರಡು ಟ್ಯೂಬಿನ ಅಂಟಿಗೆ ನಯವಾದ ಮರದ ಹುಡಿ ಕಲಸಿ ಕುಣಿಯಲ್ಲಿ ಹಾಕಿದರು. ಕಬ್ಬಿಣ ಮರಕ್ಕೇ ಅಂಟಿಕೊಳ್ಳಬಾರದೆಂದು ಅದಕ್ಕೆ ಮೇಣ ಸವರಿ ಕೂರಿಸಿದರು. ನೋಡಲು ಬಹಳ ಚೆನ್ನಾಗಿತ್ತು. ಆದರೆ ಪೆಲೆಟ್‌ಗಳು ಅಂಗೈಯಗಲಕ್ಕೆ ಚೆದುರತೊಡಗಿದವು.

"ಇಡೀ ದಿನ ಮೊಬೈಲ್ ನೋಡಿದರೆ ಕಣ್ಣು ಇನ್ನೇನಾಗುತ್ತದೆ?" ಎಂದು ನಾನು ಗದರಿದೆ. "ಹುಡುಗಿ ಕೈಯಾಗ ಬಂದೂಕ ಯಾಕ ಬೇಕ್ರಿ?" ಎಂದು ಪಕ್ಕದ ಮನೆಯವರು ದನಿಗೂಡಿಸಿದರು. ಅಬ್ಬಾ ಏನೂ ಹೇಳಲಿಲ್ಲ. ಹಿಂದಿನ ವರ್ಷವಷ್ಟೇ ಅವರ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಆ ರಾತ್ರಿ ಅವರು ದೀಪದ ಕೆಳಗೆ ತಮ್ಮ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದನ್ನು ಕಂಡೆ.

ಊಟದ ಹೊತ್ತಿಗೆ, "ದೊಡ್ಡ ದೊಡ್ಡ ಆಟಗಾರರ ರೈಫಲ್ ಕೆಡುವುದಿಲ್ಲವೇ?" ಎಂದು ಮೊಮ್ಮಗಳನ್ನು ಕೇಳಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಪರೀಕ್ಷೆಗಾಗಿ ಹೊಡೆದಾಗ ಗುಂಡು ಗುರಿಯಿಂದ ಬಹಳ ದೂರ ಹೋಗಿತ್ತಂತೆ. ಅವರು ಗಾಬರಿಯಾಗದೆ ಸೈಟ್ ಸರಿಪಡಿಸಿಕೊಂಡು, ಕೊನೆಯ ಗುಂಡಿಗೆ 10.8 ಅಂಕ ಗಳಿಸಿ ಚಿನ್ನ ಗೆದ್ದರೆಂದು ಅವಳು ಹೇಳಿದಳು.

"ಹಾಗಾದರೆ ನಾಳೆ ನಿನ್ನ ಕಾಗದಗಳನ್ನು ತಾ" ಎಂದರು ಅಬ್ಬಾ.

ಬೆಳಿಗ್ಗೆ ಅಜ್ಜ ಮೊಮ್ಮಗಳು ಗುರಿಯ ಕಾಗದಗಳನ್ನು ಹರಡಿಕೊಂಡು ಕುಳಿತರು. "ನಾನಾ, ಎಲ್ಲವೂ ಒಂದೇ ಕಡೆ ಗುಂಪಾಗಿ ಬಿದ್ದು ಗುರಿ ತಪ್ಪಿದ್ದರೆ ಸೈಟ್ ತಿರುಗಿಸಿದರೆ ಸಾಕಿತ್ತು. ಇವು ಚೆದುರಿವೆ" ಎಂದಳು. "ಅಂದರೆ ಏನೋ ಅಲುಗಾಡುತ್ತಿದೆ. ಒಂದೊಂದಾಗಿ ನೋಡೋಣ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ" ಎಂದರು ಅಬ್ಬಾ.

ಬೇರೆ ಡಬ್ಬಿಯ ಪೆಲೆಟ್ ಹಾಕಿ ಐದು ಹೊಡೆದಳು. ಬದಲಾಗಲಿಲ್ಲ. ಸೈಟಿನ ಸ್ಕ್ರೂ ಬಿಗಿಯಾಗಿತ್ತು. ನಳಿಗೆ ಮಡಚುವ ಕೀಲೂ ಗಟ್ಟಿಯಾಗಿತ್ತು. ಅದೇ ರೈಫಲ್‌ನಲ್ಲಿ ಹಿಂದೆ ಅಭ್ಯಾಸ ಮಾಡಿದ್ದ ನನ್ನ ತಮ್ಮ ಐದು ಹೊಡೆದ. ಅವನವೂ ಚೆದುರಿದವು. ಅಲ್ಲಿಗೆ ನಾನು ಮಗಳ ಕಣ್ಣಿನ ಮೇಲೆ ಹೊರಿಸಿದ್ದ ಆರೋಪ ಬಿದ್ದುಹೋಯಿತು.

ಉಳಿದದ್ದು ಅಬ್ಬಾ ಮಾಡಿದ ಹಿಡಿ.

ರೈಫಲ್ ಖಾಲಿಯಿದೆಯೆಂದು ಎರಡು ಬಾರಿ ನೋಡಿ, ಸ್ಕ್ರೂ ಬಿಚ್ಚಿ ಕಬ್ಬಿಣವನ್ನು ಹೊರತೆಗೆದರು. ದೀಪದ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ ಅದರ ಅಡಿಗೆ ತೆಳುವಾಗಿ ಸವರಿ, ಹಿಡಿಯಲ್ಲಿ ಒತ್ತಿ ತೆಗೆದರು. ಬಾಗಿಲು ಚೌಕಟ್ಟಿಗೆ ಎಲ್ಲಿ ಉಜ್ಜುತ್ತದೆಂದು ಅವರು ಹೀಗೆಯೇ ಕಂಡುಹಿಡಿಯುತ್ತಿದ್ದರು. ಕುಣಿಯ ತುಂಬ ಹತ್ತಬೇಕಿದ್ದ ಮಸಿ ನಡುವೆ ಒಂದೇ ಕಡೆ ಹತ್ತಿತ್ತು. ಅಲ್ಲಿ ಅಂಟು ಉಬ್ಬಿ ಗಟ್ಟಿಯಾಗಿತ್ತು. ಇನ್ನಷ್ಟು ಅಂಟು ಮುಂದಿನ ಸ್ಕ್ರೂ ತೂತಿಗೂ ಇಳಿದಿತ್ತು. ಸ್ಕ್ರೂ ಆ ಅಂಟನ್ನೇ ಕಚ್ಚಿ ಬಿಗಿಯಾದಂತೆ ತೋರುತ್ತಿತ್ತೇ ವಿನಾ ಕಬ್ಬಿಣವನ್ನು ಮರಕ್ಕೆ ಎಳೆದು ಹಿಡಿದಿರಲಿಲ್ಲ. ಸ್ಪ್ರಿಂಗ್ ರೈಫಲ್ ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಜಗ್ಗುತ್ತದೆ. ಹಾಗೆ ಜಗ್ಗಿದಾಗಲೆಲ್ಲ ಕಬ್ಬಿಣ ಆ ಉಬ್ಬಿನ ಮೇಲೆ ಕುಂಟು ಮಣೆಯಂತೆ ಅಲ್ಲಾಡಿ, ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತಿತ್ತು.

"ತಪ್ಪು ನನ್ನದೇ" ಎಂದರು ಅಬ್ಬಾ. ಆದರೆ ಅವರ ಮುಖದಲ್ಲಿ ಹಿಂದಿನ ರಾತ್ರಿಯ ಸೋಲು ಇರಲಿಲ್ಲ. ತೂತು ಸ್ವಚ್ಛ ಮಾಡಿದರು. ಉಳಿಯಿಂದ ಉಬ್ಬನ್ನು ಸ್ವಲ್ಪ ಸ್ವಲ್ಪವೇ ಕೆರೆದು, ಮತ್ತೆ ಮಸಿ ಸವರಿ ನೋಡಿದರು. ಕುಣಿಯ ಉದ್ದಕ್ಕೂ ಒಂದೇ ಸಮನೆ ಕಪ್ಪು ಹತ್ತುವವರೆಗೆ ಬಿಡಲಿಲ್ಲ. ಆಪರೇಶನ್ ಆದ ಕಣ್ಣಿಗೆ ಆ ಕಪ್ಪು ಚೆನ್ನಾಗಿಯೇ ಕಾಣುತ್ತಿತ್ತು.

ಸಂಜೆ ಮಗಳು ಐದು ಹೊಡೆದಳು. ಐದೂ ನಾಣ್ಯದಷ್ಟು ಜಾಗದಲ್ಲಿ ಬಿದ್ದಿದ್ದವು, ಆದರೆ ಗುರಿಯ ಎಡಕ್ಕೆ. "ಈಗ ಸೈಟ್ ತಿರುಗಿಸಬಹುದು ನಾನಾ!" ಎಂದು ನಕ್ಕಳು.

ಅಂದು ರಾತ್ರಿ ಮಗಳ ಪಕ್ಕದಲ್ಲಿ ಕುಳಿತು, "ನಿನ್ನನ್ನು ಸುಮ್ಮನೆ ಬೈದೆ, ತಪ್ಪಾಯಿತು" ಎಂದೆ. ಅವಳು ಏನೂ ಹೇಳದೆ ನನ್ನ ಭುಜಕ್ಕೆ ತಲೆಯಿಟ್ಟಳು.

ಮನೆಯಲ್ಲಿ ಏನಾದರೂ ಕೆಟ್ಟಾಗ ನಾವು ಮೊದಲು ಹುಡುಕುವುದು ಬೈಯಲು ಒಬ್ಬರನ್ನು. ನಿನ್ನೆಯವರೆಗೆ ಸರಿಯಿದ್ದುದು ಇಂದು ಕೆಟ್ಟಿದ್ದರೆ ನಡುವೆ ಏನು ಬದಲಾಯಿತೆಂದು ಕೇಳುವುದೇ ಇಲ್ಲ. ನಮ್ಮ ಮನೆಯಲ್ಲಿ ಬದಲಾದದ್ದು ಒಂದು ಮರದ ಹಿಡಿ ಮಾತ್ರ. ಅದನ್ನು ಬಿಚ್ಚಿ ನೋಡುವ ಮೊದಲೇ ನಾನು ಒಂದು ಮಗುವಿನ ಮನಸ್ಸು ಮುರಿಯಲು ಹೊರಟಿದ್ದೆ.