ಅಜ್ಜಿಯ ಪಾಲಿನ ಡೇಟಾ



ಈಗ ಕವಲಾಪುರದ ನಮ್ಮ ಮನೆಗೂ ವೈಫೈ ಬಂದಿದೆ. ಆದರೂ ನಮ್ಮ ಮೂವರ ಮೊಬೈಲಿನಲ್ಲಿ ವಿಡಿಯೊ 480ಪಿಯಲ್ಲೇ ಓಡುತ್ತದೆ. ಸಾಂಗ್ಲಿಯ ಕಾಲೇಜು ಗೆಳೆಯರು ನೋಡಿ ನಗುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರಿಗೆ ನಾವು ಹೇಳುವ ಕಥೆ ಇದು.

ನಮ್ಮ ಅಜ್ಜಿಯ ತವರು ಅಥಣಿ ಕಡೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವರು ಕೇಳಿದ್ದೆಲ್ಲ ಮರಾಠಿ ಪೂಜೆಯೇ. ಉತ್ತರವನ್ನೂ ಮರಾಠಿಯಲ್ಲೇ ಕೊಡುತ್ತಾರೆ. ಆದರೆ ಮನೆಯಲ್ಲಿ ಜಪಸರ ಹಿಡಿದರೆ ಮಾತ್ರ ಕನ್ನಡ.

2020ರ ಲಾಕ್‌ಡೌನ್‌ನಲ್ಲಿ ಚರ್ಚ್ ಬಾಗಿಲು ಮುಚ್ಚಿತು. ನಮ್ಮ ಜಿಲ್ಲೆಯ ಇಸ್ಲಾಂಪುರದಲ್ಲಿ ಸೋಂಕು ಕಾಣಿಸಿಕೊಂಡಿದ್ದರಿಂದ ಬಿಗಿಯೂ ಹೆಚ್ಚಿತ್ತು. ಆಗ ಅಜ್ಜಿಗೆ ಮೊಬೈಲಿನಲ್ಲಿ ಕನ್ನಡ ಬಲಿಪೂಜೆಯ ನೇರ ಪ್ರಸಾರ ತೋರಿಸಿದೆವು. ಅವರು ಸೆರಗು ತಲೆಗೆ ಹೊದ್ದು, ಮೊಬೈಲಿನ ಮುಂದೆ ಎದ್ದು ನಿಂತರು. ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಪೂಜೆ!

ಮನೆಯಲ್ಲಿ ನೆಟ್ ಇದ್ದ ಫೋನ್ ಎರಡೇ. ಒಂದೊಂದಕ್ಕೆ ದಿನಕ್ಕೆ 1.5 ಜಿಬಿ. ಅದು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತಿತ್ತು. ವಾಟ್ಸಾಪ್ ಸಂದೇಶ ಹೇಗೋ ಹೋಗುತ್ತಿತ್ತು, ವಿಡಿಯೊ ಓಡುತ್ತಿರಲಿಲ್ಲ. ಮತ್ತೆ ಡೇಟಾ ಸಿಗುವುದು ರಾತ್ರಿ ಹನ್ನೆರಡಕ್ಕೆ.

ಆ ದಿನಗಳಲ್ಲಿ ಇಡೀ ದೇಶವೇ ಮನೆಯಲ್ಲಿ ಕುಳಿತು ನೆಟ್ ಬಳಸುತ್ತಿತ್ತು. ನೆಟ್‌ವರ್ಕ್ ಎಲ್ಲರಿಗೂ ಸಾಲಲಿ ಎಂದು ವಿಡಿಯೊ ಕಂಪನಿಗಳು ಮಾರ್ಚ್ 24ರಂದು ಒಂದು ನಿರ್ಧಾರಕ್ಕೆ ಬಂದಿದ್ದವು: ಏಪ್ರಿಲ್ 14ರವರೆಗೆ ಮೊಬೈಲ್ ನೆಟ್‌ವರ್ಕಿನಲ್ಲಿ 480ಪಿಗಿಂತ ಹೆಚ್ಚು ಬೇಡ. ಆದರೆ ನಾವು ಬುದ್ಧಿವಂತರಲ್ಲವೇ! ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿ ನೋಡುವ ದಾರಿ ಹುಡುಕಿದೆವು.

ಏಪ್ರಿಲ್ 10, ಶುಭ ಶುಕ್ರವಾರ. ಬೆಳಿಗ್ಗೆ ನಾವು ಮೂವರೂ 1080ಪಿಯಲ್ಲಿ ಸಿನಿಮಾ ಹಾಕಿದೆವು. ಯೇಸುವಿನ ಸಿನಿಮಾವೇ ತಾನೇ ಎಂದು ಸಮಾಧಾನ ಬೇರೆ. ಮೊದಲ ಫೋನಿನ ಡೇಟಾ ಮುಗಿಯಿತು, ಎರಡನೆಯದಕ್ಕೆ ಬದಲಾಯಿಸಿದೆವು. ಶಿಲುಬೆಯ ದೃಶ್ಯ ಬರುವ ಮೊದಲೇ ಅದೂ ಮುಗಿಯಿತು.

ಮಧ್ಯಾಹ್ನ ಮೂರು ಗಂಟೆಗೆ ಅಜ್ಜಿ ಉಪವಾಸದಲ್ಲೇ ಬಂದು ಕುಳಿತರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. “ಇನ್ನೂ ಶುರು ಆಗಿಲ್ಲೇನು?” ಎಂದು ಎರಡು ಸಲ ಕೇಳಿದರು. “ಟವರ್ ಇಲ್ಲ ಅಜ್ಜಿ” ಎಂದೆವು. ರೀಚಾರ್ಜ್ ಅಂಗಡಿ ಮುಚ್ಚಿತ್ತು, ಆನ್‌ಲೈನಿನಲ್ಲಿ ಹಣ ಕಟ್ಟುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ನಾಲ್ಕು ಗಂಟೆಯವರೆಗೆ ಆ ಚಕ್ರವನ್ನೇ ನೋಡುತ್ತ ಜಪಸರ ಮಾಡಿದರು.

ರಾತ್ರಿ ನಿಜ ಹೇಳಿಬಿಟ್ಟೆವು. ಅಜ್ಜಿ ಬೈಯಲಿಲ್ಲ. “ಡಬ್ಬ್ಯಾಗ ಹಿಟ್ಟು ಎಷ್ಟೈತಿ ನೋಡದ ರೊಟ್ಟಿ ಬಡಿಯಾಕ ಕುಂತ್ರ, ಕಡೀಕ ಉಣ್ಣಾವ್ರಿಗೆ ಏನ್ ಉಳೀತೈತಿ?” ಎಂದರು ಅಷ್ಟೇ.

ಆ ರಾತ್ರಿ ನಾವು ಲೆಕ್ಕ ಹಾಕಿದೆವು. 480ಪಿ ಎಂದರೆ ಒಂದು ಚಿತ್ರಕ್ಕೆ ಸುಮಾರು ನಾಲ್ಕು ಲಕ್ಷ ಚುಕ್ಕೆ. 1080ಪಿ ಎಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು, ಅಂದರೆ ಐದು ಪಟ್ಟು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಎಸ್‌ಡಿಗೆ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ ಬೇಕು. ನಮ್ಮ ಇಡೀ ಮನೆಯ ಒಂದು ದಿನದ ಪಾಲು ಒಂದೇ ಗಂಟೆಗೆ!

ಮರುದಿನ ಒಂದು ಫೋನನ್ನು ಸಂಜೆಯವರೆಗೆ ಯಾರೂ ಮುಟ್ಟಲಿಲ್ಲ. ಪಾಸ್ಖ ಜಾಗರಣೆಯನ್ನು 240ಪಿಯಲ್ಲಿ ಹಚ್ಚಿದೆವು. ಮೇಣದಬತ್ತಿಗಳು ಹಳದಿ ಚುಕ್ಕೆಗಳಂತೆ ಕಂಡವು, ಗುರುಗಳ ಮುಖ ಮಸುಕಾಗಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು. ಅಜ್ಜಿ ಪ್ರತಿಯೊಂದು ಉತ್ತರವನ್ನೂ ಗಟ್ಟಿಯಾಗಿ ಹೇಳಿದರು, ಕನ್ನಡದಲ್ಲಿ. ಒಂದು ಉತ್ತರವೂ ಮರೆತಿರಲಿಲ್ಲ. ಚಿತ್ರ ಚೆನ್ನಾಗಿಲ್ಲ ಎಂದು ಅವರು ಅಂದದ್ದು ನಮಗೆ ನೆನಪಿಲ್ಲ.

ಈಗಿನ ವೈಫೈ ‘ಅನ್‌ಲಿಮಿಟೆಡ್’. ಆದರೂ ಇಂಥ ಪ್ಲಾನಿನ ಸಣ್ಣ ಅಕ್ಷರ ಓದಿ ನೋಡಿ, ಅನೇಕ ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟು ಎಂಬ ಮಿತಿ ಇರುತ್ತದೆ. ಅದು ದಾಟಿದರೆ ವೇಗ ಇಳಿಯುತ್ತದೆ. ಮೊಬೈಲ್ ಡೇಟಾ ನೆಚ್ಚಿಕೊಂಡ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಇನ್ನೂ ಇವೆ. ಅದಕ್ಕೇ ನಮ್ಮ ಮನೆಯ ಮೂರು ನಿಯಮ ಹೇಳುತ್ತೇವೆ: ಸಣ್ಣ ಪರದೆಗೆ 480ಪಿ ಸಾಕು, ಆಟೊಪ್ಲೇ ಬಂದ್, ದೊಡ್ಡ ವಿಡಿಯೊ ಹಚ್ಚುವ ಮೊದಲು “ಇವತ್ತು ಯಾರಿಗಾದರೂ ನೆಟ್ ಬೇಕಾ?” ಎಂದು ಒಮ್ಮೆ ಕೇಳುವುದು. ಮೂರನೆಯದೇ ಮುಖ್ಯ.

ಅಜ್ಜಿ ಇಂದಿಗೂ ಭಾನುವಾರ ಚರ್ಚಿನಿಂದ ಬಂದು, ಊಟ ಮುಗಿಸಿ, ಕನ್ನಡ ಪೂಜೆ ಹಚ್ಚಲು ಹೇಳುತ್ತಾರೆ. ಹಚ್ಚುವ ಮೊದಲು ಕೇಳುವುದೂ ಅವರೇ: “ಡಬ್ಬ್ಯಾಗ ಹಿಟ್ಟು ಐತೇನು?”