ಸನ್ನೆಗಾರ

ವರ್ಗವಾದ ಗೃಹಸ್ಥನ ಸಾಮಾನುಗಳನ್ನು ಲಾರಿಗೆ ಏರಿಸುವ ದಿನ ಮನೆಯಲ್ಲಿರುವವರೆಲ್ಲರೂ ಯಜಮಾನರೇ. ‘ಮೊದಲು ಬೀರು’ ಎನ್ನುವವರೊಬ್ಬರು, ‘ಅಲ್ಲ, ಮಂಚ’ ಎನ್ನುವವರು ಇನ್ನೊಬ್ಬರು. ಈ ಗದ್ದಲದಲ್ಲಿ ಉಪ್ಪಿನಕಾಯಿಯ ಜಾಡಿ ಒಡೆಯುತ್ತದೆ. ಹಡಗಿನಲ್ಲಾದರೆ ಒಡೆಯುವುದು ಆಳಿನ ತಲೆ.

ಸರಕಿನ ಹಡಗಿನ ಒಡಲು ಮಾಳಿಗೆಯ ಮನೆಗಳನ್ನೇ ನುಂಗುವಷ್ಟು ಆಳ. ತಳದಲ್ಲಿ ಮೂಟೆ ಜೋಡಿಸುವ ಆಳುಗಳು. ಎತ್ತರದ ಗೂಡಿನಲ್ಲಿ ಕ್ರೇನು ನಡೆಸುವವನು. ಎಷ್ಟೋ ವೇಳೆ ಅವರು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಒಡಲಿನ ಬಾಯಿಯ ಅಂಚಿನಲ್ಲಿ ನಿಂತ ಸನ್ನೆಗಾರನೇ ಅವನ ಕಣ್ಣು. ಬೆರಳನ್ನು ಮೇಲೆತ್ತಿ ತಿರುಗಿಸಿದರೆ ‘ಎತ್ತು’. ಕೆಳಗೆ ತೋರಿಸಿ ತಿರುಗಿಸಿದರೆ ‘ಇಳಿಸು’. ಯಂತ್ರಗಳ ಮೊರೆತದಲ್ಲಿ ಬಾಯಿಮಾತು ಯಾರಿಗೆ ಕೇಳಿಸೀತು? ಕೇಳಿಸಿದರೂ, ಮಂಗಳೂರಿನ ಪಣಂಬೂರಿನಂಥ ಬಂದರಿನಲ್ಲಿ ತೊಡಕು ತಪ್ಪದು. ತುಳು, ಬ್ಯಾರಿ, ಕೊಂಕಣಿ, ಮಲಯಾಳಗಳನ್ನಾಡುವ ನೆಲಕ್ಕೆ ಪರದೇಶದ ನಾವಿಕರು ಬಂದಿಳಿಯುತ್ತಾರೆ. ಕೈಯ ಭಾಷೆಗೆ ಮಾತ್ರ ದುಭಾಷಿ ಬೇಡ.

ಈಗ ವೈರ್‌ಲೆಸ್ ಉಪಕರಣಗಳೂ ಇವೆ. ಅದರಲ್ಲಿ ಆಜ್ಞೆ ಕೇಳಿದವನು ಅದನ್ನು ಶಾಲೆಯ ಹುಡುಗನಂತೆ ಮರಳಿ ಒಪ್ಪಿಸಬೇಕು. ‘ಹೂಂ’ ಎಂದರೆ ಸಾಲದು. ಕೇಳಿಸದಿದ್ದರೂ ‘ಹೂಂ’ ಎನ್ನುವುದು ಮನುಷ್ಯಸ್ವಭಾವವಲ್ಲವೇ?

ಸನ್ನೆ ತಪ್ಪಿದರೆ ಆಗುವ ಅನಾಹುತವನ್ನು ಮುಂಬಯಿ ಕಂಡಿದೆ. ಫೋರ್ಟ್ ಸ್ಟಿಕೀನ್ ಎಂಬ ಹಡಗು ಸುಮಾರು 1,400 ಟನ್ ಸಿಡಿಮದ್ದು ಹೊತ್ತು ಬರುವಾಗ, ಯುದ್ಧಕಾಲದ ಅವಸರದಲ್ಲಿ ಕರಾಚಿಯಲ್ಲಿ ಅದರ ಒಡಲಿಗೆ ಸಾವಿರಾರು ಹತ್ತಿಯ ಬೇಲುಗಳನ್ನೂ ತುಂಬಿದರು. ಮದ್ದಿನ ಪಕ್ಕದಲ್ಲಿ ಹತ್ತಿ! ಮುಂಬಯಿಯ ಧಕ್ಕೆಯಲ್ಲಿ ನಿಂತಾಗ, ಒಳಗೆ ಮದ್ದಿದೆಯೆಂದು ಸಾರುವ ಕೆಂಪು ಬಾವುಟವನ್ನು ಯಾರೂ ಏರಿಸಲಿಲ್ಲ. 1944ರ ಏಪ್ರಿಲ್ 14ರ ಮಧ್ಯಾಹ್ನ ಹತ್ತಿಯಿಂದ ಹೊಗೆಯೆದ್ದಿತು. ಹಡಗನ್ನು ಸಮುದ್ರಕ್ಕೆ ಎಳೆಯಬೇಕೆಂದು ಒಬ್ಬರು, ಇದ್ದಲ್ಲಿಯೇ ಮುಳುಗಿಸಬೇಕೆಂದು ಇನ್ನೊಬ್ಬರು; ತಲೆಗೊಂದು ಸಲಹೆಯಾಯಿತು, ಆಜ್ಞೆ ಮಾತ್ರ ಯಾರದೂ ಆಗಲಿಲ್ಲ. ನಾಲ್ಕು ಗಂಟೆ ದಾಟಿದೊಡನೆ ಹಡಗು ಸಿಡಿಯಿತು. ಕೊನೆಯ ಗಳಿಗೆಯವರೆಗೂ ಬೆಂಕಿಗೆ ನೀರು ಬಿಡುತ್ತಿದ್ದ ಅಗ್ನಿಶಾಮಕ ದಳದವರೂ ಸೇರಿ ನೂರಾರು ಮಂದಿ ಮಡಿದರು.

ಬಿಡಿಸರಕಿನ ಹಡಗುಗಳಿಗೆ 1997ರಲ್ಲಿ ಒಂದು ಅಂತರರಾಷ್ಟ್ರೀಯ ಸಂಹಿತೆಯೇ ಬಂದಿತು: ಯಾವ ಒಡಲಿಗೆ ಎಷ್ಟು, ಯಾವ ಕ್ರಮದಲ್ಲಿ ತುಂಬಬೇಕೆಂಬುದನ್ನು ಕಪ್ತಾನನೂ ಧಕ್ಕೆಯ ಅಧಿಕಾರಿಯೂ ಮೊದಲೇ ಬರೆದು ಒಪ್ಪಬೇಕು. ಕಾಗದ ಒಳ್ಳೆಯದೇ. ಆದರೆ ಮೂಟೆ ನೆತ್ತಿಯ ಮೇಲೆ ತೂಗುವಾಗ ಕಾಗದವನ್ನು ಓದುವವರಾರು?

ಅಲ್ಲಿ ನಡೆಯುವುದು ಹಳೆಯ ಕಟ್ಟಳೆಯೇ. ಕ್ರೇನಿನವನು ಸನ್ನೆಗಾರನೊಬ್ಬನಿಗಲ್ಲದೆ ಕಪ್ತಾನನು ಕೂಗಿದರೂ ಕೊಕ್ಕೆಯನ್ನು ಎತ್ತಲಾರ, ಇಳಿಸಲಾರ. ಇದಕ್ಕೆ ಅಪವಾದ ಒಂದೇ ಒಂದು. ‘ನಿಲ್ಲಿಸು’ ಎಂದು ಯಾರು ಬೇಕಾದರೂ ಕೈಯೆತ್ತಬಹುದು. ಅಂದೇ ಕೆಲಸಕ್ಕೆ ಸೇರಿದ ಹುಡುಗನು ಎತ್ತಿದರೂ ಕ್ರೇನು ನಿಲ್ಲಬೇಕು. ಏಕೆ ಎತ್ತಿದೆ ಎಂದು ಆಮೇಲೆ ಕೇಳಿದರಾಯಿತು.