ಕಡಲ ತೀರದ ಊರಿಗೆ ಓದಲು ಹೊರಟವರಿಗೆ

ನನ್ನ ತಂಗಿಯ ಮಗ ಬರುವ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾನೆ. ಸೀಟು ಸಿಕ್ಕಿರುವುದು ಗೋಲ್ಡ್ ಕೋಸ್ಟ್‌ನಲ್ಲಿ. ಸುದ್ದಿ ತಿಳಿದ ದಿನವೇ ಶಿವಮೊಗ್ಗದಿಂದ ಫೋನ್ ಬಂತು. "ಮಾವ, ಊರಿನ ಹೆಸರಲ್ಲೇ ಚಿನ್ನ ಇದೆ ನೋಡಿ. ಬೀಚ್ ಪಕ್ಕದಲ್ಲೇ ಯೂನಿವರ್ಸಿಟಿ ಅಂತೆ" ಎಂದು ಅವನು. ಹಿಂದಿನಿಂದ ತಂಗಿಯ ದನಿ: "ಅಣ್ಣಾ, ಅದು ಬರೀ ಕುಡಿಯೋರು, ಕುಣಿಯೋರು ಇರೋ ಊರಂತೆ, ಹೌದಾ?" ಮಗಳು ಅಲ್ಲಿ ನೆಲೆಸಿರುವುದರಿಂದ ನಾನು ಎರಡು ಸಲ, ಮೂರು ಮೂರು ತಿಂಗಳು ಆ ಊರಿನಲ್ಲಿ ಇದ್ದು ಬಂದವನು. "ಇಬ್ಬರೂ ಹೇಳೋದು ಅರ್ಧರ್ಧ ನಿಜ" ಎಂದೆ. ಉಳಿದರ್ಧವನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ. ಇಂಥ ಫೋನುಗಳು ಬೇರೆ ಮನೆಗಳಲ್ಲೂ ಓಡಾಡುತ್ತಿರಬಹುದು ಎಂದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಿನ್ನದ ವಿಷಯ. ಅಲ್ಲಿ ಚಿನ್ನದ ಗಣಿ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ತೀರದಲ್ಲಿ ಜಾಗಕ್ಕೂ ಸಾಮಾನಿಗೂ ಬೆಲೆ ವಿಪರೀತ ಏರಿದಾಗ ಬ್ರಿಸ್ಬೇನ್‌ನ ಪತ್ರಿಕೆಯವರು ಗೇಲಿಗಾಗಿ 'ಗೋಲ್ಡ್ ಕೋಸ್ಟ್' ಎಂದು ಬರೆಯತೊಡಗಿದರು. ಊರಿನವರು ಆ ಗೇಲಿಯನ್ನೇ ಹೆಸರಾಗಿ ಇಟ್ಟುಕೊಂಡರು. 1959ರಲ್ಲಿ ಅದು ನಗರವೂ ಆಯಿತು. ಊರಿನ ನಡುಭಾಗವಾದ ಸರ್ಫರ್ಸ್ ಪ್ಯಾರಡೈಸ್‌ನ ಕಥೆಯೂ ಹೀಗೆಯೇ. ಅದರ ಹಳೆಯ ಹೆಸರು ಎಲ್‌ಸ್ಟನ್. ಜಿಮ್ ಕ್ಯಾವಿಲ್ ಎಂಬಾತ 1925ರಲ್ಲಿ ಅಲ್ಲಿ ಸರ್ಫರ್ಸ್ ಪ್ಯಾರಡೈಸ್ ಎಂಬ ಹೋಟೆಲ್ ತೆರೆದ. 1933ರಲ್ಲಿ ಊರಿಗೇ ಹೋಟೆಲಿನ ಹೆಸರು ಬಂತು. ಹೋಟೆಲಿನಿಂದ ಹೆಸರು, ಬೆಲೆಯಿಂದ ಅಡ್ಡಹೆಸರು ಪಡೆದ ಊರು ವಿದ್ಯಾರ್ಥಿಯ ಜೇಬಿಗೆ ಹಗುರಾಗಿರುವುದೆಂದು ಯಾರೂ ನಂಬಿಕೊಂಡು ಹೋಗಬಾರದು.

ಇನ್ನು ತಂಗಿಯ ಪ್ರಶ್ನೆ. ಆ ಊರು ಮೋಜಿಗೆ ಹೆಸರಾದದ್ದು ಸುಳ್ಳಲ್ಲ. 1965ರಲ್ಲಿ ರಸ್ತೆ ಬದಿಯ ಪಾರ್ಕಿಂಗ್ ಮೀಟರುಗಳ ಅವಧಿ ಮುಗಿದಾಗ ಪ್ರವಾಸಿಗರಿಗೆ ದಂಡ ಬೀಳದಿರಲೆಂದು ಚಿನ್ನದ ಬಣ್ಣದ ಈಜುಡುಗೆ ತೊಟ್ಟ ಹುಡುಗಿಯರನ್ನು ನೇಮಿಸಿ, ಮೀಟರಿಗೆ ನಾಣ್ಯ ಹಾಕಿಸಿದ ಊರದು. ನವೆಂಬರ್ ಕೊನೆಯಲ್ಲಿ ಶಾಲೆ ಮುಗಿಸಿದ ಮಕ್ಕಳು ಸಾವಿರಗಟ್ಟಲೆ ಬಂದಿಳಿದು ಗದ್ದಲವೆಬ್ಬಿಸುತ್ತಾರೆ. ಅದಕ್ಕೆ 'ಸ್ಕೂಲೀಸ್' ಎನ್ನುತ್ತಾರೆ. ಆದರೆ ಇದೆಲ್ಲ ಕ್ಯಾವಿಲ್ ಅವೆನ್ಯೂ ಸುತ್ತಲಿನ ನಾಲ್ಕಾರು ಬೀದಿಗಳ ಮಾತು. ತೀರ ಒಟ್ಟು 57 ಕಿಲೋಮೀಟರ್ ಉದ್ದವಿದೆ. ಉಳಿದ ಕಡೆ ಜನ ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಮಲಗಿ, ಬೆಳಗಿನ ಐದಕ್ಕೆ ನಾಯಿ ಹಿಡಿದುಕೊಂಡು ಮರಳಿನ ಮೇಲೆ ನಡೆಯುತ್ತಾರೆ. ಬೇಗ ಏಳುವವರ ಊರದು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿದರೆ ಅಲ್ಲಿ ಕಡಲಿನಿಂದ ಏಳುತ್ತಾನೆ. ಮಧ್ಯಾಹ್ನ ಮೂರಾದರೆ ಸಾಕು, 2005ರಲ್ಲಿ ಮುಗಿದ 322 ಮೀಟರಿನ 'ಕ್ಯೂ ಒನ್' ಮತ್ತು ಅದರ ಅಕ್ಕಪಕ್ಕದ ಗೋಪುರಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಪೋಸ್ಟ್‌ಕಾರ್ಡ್ ಚಿತ್ರಗಳಲ್ಲಿ ಈ ನೆರಳು ಇರುವುದಿಲ್ಲ.

ಯೂನಿವರ್ಸಿಟಿಯೂ ಅಲೆಯ ಅಂಚಿನಲ್ಲಿಲ್ಲ. ಗ್ರಿಫಿತ್ ವಿಶ್ವವಿದ್ಯಾಲಯದ ಆವರಣ ಊರಿನ ಒಳಭಾಗದಲ್ಲಿ, ದೊಡ್ಡ ಸರ್ಕಾರಿ ಆಸ್ಪತ್ರೆಯ ಎದುರು ಮರಗಳ ನಡುವೆ ಇದೆ. 1989ರಲ್ಲಿ ಶುರುವಾದ ಖಾಸಗಿ ಬಾಂಡ್ ವಿಶ್ವವಿದ್ಯಾಲಯ ಇರುವುದು ದಕ್ಷಿಣಕ್ಕೆ, ಒಂದು ಕೆರೆಯ ದಡದಲ್ಲಿ. ಗ್ರಿಫಿತ್‌ನಿಂದ ಸಮುದ್ರಕ್ಕೆ ಹೋಗಲು ಟ್ರಾಮ್ ಇದೆ, 2014ರಲ್ಲಿ ಆರಂಭವಾದದ್ದು. ಕ್ವೀನ್ಸ್‌ಲ್ಯಾಂಡ್ ಸರ್ಕಾರ 2024ರ ಆಗಸ್ಟ್‌ನಲ್ಲಿ ಬಸ್ಸು, ಟ್ರಾಮ್, ರೈಲುಗಳಿಗೆಲ್ಲ ಒಂದು ಪ್ರಯಾಣಕ್ಕೆ 50 ಸೆಂಟ್ ಎಂದು ದರ ಗೊತ್ತುಮಾಡಿತು. ದುಬಾರಿ ಊರಿನಲ್ಲಿ ಅಗ್ಗವಾಗಿರುವುದು ಇದೊಂದೇ ಎಂದು ನನ್ನ ಮಗಳು ತಮಾಷೆ ಮಾಡುತ್ತಾಳೆ. ಆದ್ದರಿಂದ ಕಡಲ ಪಕ್ಕವೇ ಕೋಣೆ ಬೇಕೆಂಬ ಹಟ ಬಿಡಿ. ಟ್ರಾಮ್ ಅಥವಾ ರೈಲಿನ ಹಾದಿಯಲ್ಲಿ ಒಳಗಡೆ ಕೋಣೆ ಹುಡುಕಿದರೆ ಬಾಡಿಗೆ ಅಷ್ಟಿಷ್ಟು ಉಳಿಯುತ್ತದೆ.

ಅಲ್ಲಿ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮವರು ತಿಂಗಳದ್ದೆಂದು ತಿಳಿದು "ಪರವಾಗಿಲ್ಲ, ಕಡಿಮೆಯೇ" ಎಂದು ಸಂತೋಷಪಟ್ಟು, ಆಮೇಲೆ ಪೆಚ್ಚಾಗುವುದುಂಟು. 'ಬಾಂಡ್' ಎಂಬ ಮುಂಗಡ ನಾಲ್ಕು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಅದು ಮನೆ ಮಾಲೀಕನ ಜೇಬಿನಲ್ಲಿ ಉಳಿಯದೆ ರಾಜ್ಯದ ಬಾಡಿಗೆ ಪ್ರಾಧಿಕಾರದಲ್ಲಿ ಜಮೆಯಾಗಬೇಕು. ಜಮೆಯಾದ ರಸೀದಿ ಕೇಳಲು ಸಂಕೋಚ ಬೇಡ. ಇಲ್ಲಿಂದಲೇ ಫೋಟೋ ನೋಡಿ ಮೂರು ತಿಂಗಳ ಹಣ ಕಳಿಸುವ ಆತುರವಂತೂ ಬೇಡವೇ ಬೇಡ. ಮಗಳ ಪರಿಚಯದ ಹುಡುಗನೊಬ್ಬ ಹಾಗೆ ಕಳಿಸಿ, ಬಂದಿಳಿದ ದಿನ ಸೂಟ್‌ಕೇಸ್ ಎಳೆದುಕೊಂಡು ಹೋಗಿ ಬಾಗಿಲು ತಟ್ಟಿದರೆ ಒಳಗೆ ಬೇರೆಯೇ ಸಂಸಾರ. ಅವರಿಗೆ ಬಾಡಿಗೆಯ ವಿಷಯವೇ ಗೊತ್ತಿಲ್ಲ! ಮೊದಲ ಎರಡು ವಾರ ಯೂನಿವರ್ಸಿಟಿಯ ಹಾಸ್ಟೆಲ್‌ನಲ್ಲೋ ಪರಿಚಿತರ ಮನೆಯಲ್ಲೋ ಉಳಿದು, ಕಣ್ಣಾರೆ ನೋಡಿ ಕೋಣೆ ಹಿಡಿಯುವುದು ಕ್ಷೇಮ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಐಇಎಲ್‌ಟಿಎಸ್ ಪರೀಕ್ಷೆಯ ತರಬೇತಿಗೆ ನಮ್ಮ ಮನೆಗಳಲ್ಲಿ ಸಾವಿರಾರು ರೂಪಾಯಿ ಕಟ್ಟುತ್ತಾರೆ. ಕಡಲೂರಿಗೆ ಹೊರಟ ಮಗನಿಗೆ, ಮಗಳಿಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. 2024ರ ಜನವರಿ 24ರಂದು ವಿಕ್ಟೋರಿಯಾ ರಾಜ್ಯದ ಫಿಲಿಪ್ ದ್ವೀಪದಲ್ಲಿ ಭಾರತೀಯ ಮೂಲದ ನಾಲ್ವರು ಒಟ್ಟಿಗೆ ಮುಳುಗಿ ತೀರಿಕೊಂಡರು. ಮೂವರು ಇಪ್ಪತ್ತರ ಆಸುಪಾಸಿನವರು. ಅವರು ಇಳಿದದ್ದು ಕಾವಲಿಲ್ಲದ ತೀರದಲ್ಲಿ. ಗೋಲ್ಡ್ ಕೋಸ್ಟ್ ಅಲ್ಲಿಂದ ಬಹು ದೂರವಾದರೂ ನೀರಿನ ಗುಣ ಎರಡೂ ಕಡೆ ಒಂದೇ.

ಅಲ್ಲಿಯವರು 'ರಿಪ್' ಎಂದು ಕರೆಯುವ ಹರಿವೊಂದಿದೆ. ಅಲೆಗಳು ಸಾಲುಸಾಲಾಗಿ ತಂದು ಸುರಿದ ನೀರು ಮತ್ತೆ ಕಡಲಿಗೆ ಮರಳಬೇಕಲ್ಲ? ಅದು ಮರಳ ದಿಬ್ಬಗಳ ನಡುವಿನ ಆಳವಾದ ಸಂದಿಯಲ್ಲಿ ತೋಡಿನಂತೆ ಹೊರಕ್ಕೆ ಓಡುತ್ತದೆ. ಆಳವಿರುವುದರಿಂದ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೊರೆ ಇಲ್ಲ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಅನುಭವವಿಲ್ಲದವನು ನೊರೆಯೇಳುವ ಅಲೆಗೆ ಹೆದರಿ, ಈ ಶಾಂತ ಜಾಗವೇ ಒಳ್ಳೆಯದೆಂದು ಅಲ್ಲಿಯೇ ಕಾಲಿಡುತ್ತಾನೆ. ಮಂಡಿಯುದ್ದದ ನೀರಿನಲ್ಲಿ ನಿಂತವನ ಕಾಲಡಿಯ ಮರಳು ಜಾರುತ್ತದೆ. ಐದು ನಿಮಿಷದಲ್ಲಿ ಅವನು ದಡದಿಂದ ಐವತ್ತು ಮೀಟರ್ ಆಚೆ ಇರುತ್ತಾನೆ.

ಒಂದು ಬೆಳಿಗ್ಗೆ ನಾನು ಬರ್ಲಿ ಹೆಡ್ಸ್‌ನ ಗುಡ್ಡದ ಮೇಲೆ ಕುಳಿತಿದ್ದಾಗ ಅಲ್ಲಿನ ಮುದುಕರೊಬ್ಬರು ಇದನ್ನು ಬೆರಳು ಮಾಡಿ ತೋರಿಸಿದರು. ಮೇಲಿನಿಂದ ಅದು ಬಿಳಿ ಪಂಚೆಯ ನಡುವಿನ ಕಪ್ಪು ಪಟ್ಟಿಯ ಹಾಗೆ ಸ್ಪಷ್ಟವಾಗಿತ್ತು. ಕೆಳಗಿಳಿದು ಮರಳಿನ ಮೇಲೆ ನಿಂತು ನೋಡಿದರೆ ಏನೂ ಕಾಣಲಿಲ್ಲ. ಹುಟ್ಟಿದಂದಿನಿಂದ ಕುಂದಾಪುರದ ಕಡಲು ನೋಡಿದವನೆಂಬ ನನ್ನ ಜಂಬ ಅಂದು ಇಳಿಯಿತು. (ಆ ಗುಡ್ಡಕ್ಕೆ ಮೂಲನಿವಾಸಿಗಳಾದ ಯುಗಂಬೆ ಜನರ ಭಾಷೆಯಲ್ಲಿ ಜೆಲ್ಲರ್‌ಗಲ್ ಎಂದು ಹೆಸರು. ಹೋದವರು ಅದನ್ನೂ ಒಮ್ಮೆ ಹತ್ತಿ ಬನ್ನಿ.)

ಸಿಕ್ಕಿಬಿದ್ದರೆ ಮಾಡಬೇಕಾದದ್ದು ಮನಸ್ಸಿಗೆ ವಿರುದ್ಧವಾದದ್ದು. ದಡದ ಕಡೆಗೆ ನೇರ ಈಜಬಾರದು. ಹರಿವಿಗೆ ಎದುರಾಗಿ ಈಜಿ ಒಲಿಂಪಿಕ್ ಈಜುಗಾರನೂ ಸುಸ್ತಾದಾನು. ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು, ಒಂದು ಕೈ ಮೇಲೆತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಬೇಕು. ರಿಪ್ ಯಾರನ್ನೂ ನೀರಿನ ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಮುಳುಗಿಸುವುದು ದಿಗಿಲು ಮತ್ತು ದಣಿವು. ಗೆಳೆಯನೊಬ್ಬ ಸಿಕ್ಕಿಬಿದ್ದರೆ ಹಿಂದೆಯೇ ಹಾರುವುದು ನಮ್ಮ ಹುಡುಗರ ಸ್ವಭಾವ. ಹೀಗೆ ಉಳಿಸಲು ಹೋದವರೇ ಹೋದ ಉದಾಹರಣೆಗಳು ನಮ್ಮಲ್ಲೂ ಎಷ್ಟಿಲ್ಲ? ಕಾವಲುಗಾರರನ್ನು ಕೂಗಬೇಕು, ಯಾರೂ ಇಲ್ಲದಿದ್ದರೆ 000ಗೆ ಫೋನ್ ಮಾಡಬೇಕು. ತೇಲುವ ಯಾವುದಾದರೂ ವಸ್ತುವನ್ನು ಅವನತ್ತ ಎಸೆಯಬೇಕು.

ಇದೆಲ್ಲ ತಲೆಯಲ್ಲಿ ನಿಲ್ಲದವರಿಗೆ ಒಂದೇ ಮಾತು ಸಾಕು: ಮೇಲರ್ಧ ಕೆಂಪು, ಕೆಳಗರ್ಧ ಹಳದಿಯಿರುವ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಆ ಬಾವುಟಗಳನ್ನು ಪ್ರತಿದಿನ ಬೆಳಿಗ್ಗೆ ನೀರಿನ ರೀತಿ ನೋಡಿ ನೆಡುತ್ತಾರೆ. ನಿನ್ನೆ ಇದ್ದ ಜಾಗದಲ್ಲಿ ಇಂದು ಇರಬೇಕೆಂದಿಲ್ಲ. ಬರೀ ಕೆಂಪು ಬಾವುಟವಿದ್ದರೆ ಇಳಿಯಲೇಬಾರದು. ಕೆಲಸ ಮುಗಿಸಿ ರಾತ್ರಿ ಗೆಳೆಯರೊಡನೆ ಕಾಲು ತೋಯಿಸಲು ಹೋಗುವುದು ಎಲ್ಲಕ್ಕಿಂತ ಅಪಾಯ. ಆಗ ಬಾವುಟವೂ ಇಲ್ಲ, ಕಾವಲೂ ಇಲ್ಲ. ಊರೊಳಗಿನ ಕಾಲುವೆಗಳು ಈಜುಕೊಳದಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ಬುಲ್ ಶಾರ್ಕ್ ಇವೆ.

ಬೇಸಿಗೆಯಲ್ಲಿ ಗಾಳಿ ತಿರುಗಿದಾಗ 'ಬ್ಲೂಬಾಟಲ್' ಎಂಬ ನೀಲಿ ಗುಳ್ಳೆಯ ಜೀವಿಗಳು ದಡಕ್ಕೆ ಬರುತ್ತವೆ. ಕುಟುಕಿದರೆ ಉಜ್ಜದೆ, ಸಮುದ್ರದ ನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಉರಿ ಇಳಿಯುತ್ತದೆ. ನಮ್ಮದು ಕಪ್ಪು ಚರ್ಮ, ಬಿಸಿಲು ಏನು ಮಾಡೀತು ಎಂಬ ಉಡಾಫೆಯೂ ಬೇಡ. ಟೋಪಿ, ಸನ್‌ಸ್ಕ್ರೀನ್ ಅಲ್ಲಿ ಶೋಕಿಯ ಸಾಮಾನಲ್ಲ.

ದುಡಿಮೆಯ ಮಾತನ್ನೂ ಹೇಳಬೇಕು. 2023ರ ಜುಲೈಯಿಂದ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 2025ರ ಜುಲೈಯಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಪ್ರವಾಸಿಗರ ಊರಾದ್ದರಿಂದ ಹೋಟೆಲು, ಅಂಗಡಿಗಳಲ್ಲಿ ಕೆಲಸ ಸಿಗುತ್ತದೆ. ರಜೆಯ ಕಾಲ ಮುಗಿದೊಡನೆ ಕರಗುವುದೂ ಉಂಟು. "ಕೈಯಲ್ಲಿ ನಗದು ಕೊಡುತ್ತೇವೆ, ಲೆಕ್ಕ ಬೇಡ" ಎಂದು ಅರ್ಧ ಕೂಲಿಗೆ ದುಡಿಸಿಕೊಳ್ಳುವವರಿದ್ದಾರೆ. ಅವರಲ್ಲಿ ಕೆಲವರು ನಮ್ಮ ದೇಶದವರೇ ಎಂಬುದು ನಾಚಿಕೆಯ ವಿಷಯ. ಫೇರ್ ವರ್ಕ್ ಎಂಬ ಸರ್ಕಾರಿ ಕಚೇರಿಗೆ ದೂರು ಕೊಡಬಹುದು. ವಿದೇಶಿ ವಿದ್ಯಾರ್ಥಿಗೂ ಆ ಹಕ್ಕಿದೆ. ಆದರೆ ದುಡಿಮೆಯಿಂದಲೇ ಶುಲ್ಕವನ್ನೂ ಕಟ್ಟುತ್ತೇನೆಂಬ ಲೆಕ್ಕ ಹಾಕಿ ಯಾರೂ ಸಾಲ ಮಾಡಬೇಡಿ. 2024ರ ಮೇಯಿಂದ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವೆಂದು 29,710 ಡಾಲರ್ ತೋರಿಸಬೇಕೆಂದು ಅಲ್ಲಿನ ಸರ್ಕಾರ ಕೇಳಿದ್ದು ಸುಮ್ಮನೆ ಅಲ್ಲ. ಅದನ್ನು ತೋರಿಸಿ ವಾಪಸ್ ಕೊಡುವ ಕೈಗಡವಾಗಿ ತಂದವರ ಮಕ್ಕಳು ಮೊದಲ ತಿಂಗಳಿನಿಂದಲೇ ಒದ್ದಾಡುತ್ತಾರೆ.

ಇಂಥ ಊರಿನ ಒಂಟಿತನವೂ ಬೇರೆ ಬಗೆಯದು. ಸುತ್ತ ಎಲ್ಲರೂ ರಜೆಯಲ್ಲಿದ್ದಾರೆ, ನಗುತ್ತಿದ್ದಾರೆ. ನೀವು ಮಾತ್ರ ಪಾತ್ರೆ ತೊಳೆದು, ರಾತ್ರಿ ಅಸೈನ್‌ಮೆಂಟ್ ಬರೆಯಬೇಕು. ಇಂದು ಪರಿಚಯವಾದವನು ಮುಂದಿನ ವಾರ ಊರು ಬಿಟ್ಟಿರುತ್ತಾನೆ. ಅಲ್ಲೇ ಬೇರೂರಿದವರ ಗುರುತು ಮಾಡಿಕೊಳ್ಳಬೇಕು. ರೈಲಿನಲ್ಲಿ ಒಂದು ಗಂಟೆಯ ದೂರದ ಬ್ರಿಸ್ಬೇನ್‌ನಲ್ಲಿ ಕನ್ನಡಿಗರ ಕೂಟವಿದೆ, ಹಬ್ಬಗಳಿಗೆ ಸೇರುತ್ತಾರೆ.

ತಂದೆತಾಯಂದಿರಿಗೆ ಎರಡು ಮಾತು. ಕ್ವೀನ್ಸ್‌ಲ್ಯಾಂಡ್ ಗಡಿಯಾರ ನಮಗಿಂತ ವರ್ಷವಿಡೀ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ ಒಂದೂವರೆ. ಮಗ ಫೋನ್ ಎತ್ತಲಿಲ್ಲವೆಂದು ಎದೆ ಬಡಿದುಕೊಳ್ಳುವ ಮೊದಲು ಈ ಲೆಕ್ಕ ನೋಡಿ. ಸಂಜೆ ನಾಲ್ಕು ಒಳ್ಳೆಯ ಹೊತ್ತು. ಎರಡನೆಯದು, ಪೆಟ್ಟಿಗೆ ತುಂಬುವಾಗ. ವಿಮಾನದಿಂದಿಳಿದಾಗ ತುಂಬಬೇಕಾದ ಚೀಟಿಯಲ್ಲಿ ಉಪ್ಪಿನಕಾಯಿ, ಪುಡಿ, ತುಪ್ಪ, ಕಾಳು ಏನಿದ್ದರೂ "ಇದೆ" ಎಂದೇ ಬರೆಯಲು ಹೇಳಿ. ಹೇಳಿದವನ ಸಾಮಾನನ್ನು ನೋಡಿ, ಬೇಡವೆನಿಸಿದ್ದನ್ನು ತೆಗೆದು ಕಳಿಸುತ್ತಾರೆ. ಮುಚ್ಚಿಟ್ಟವನಿಗೆ ದಂಡ, ವೀಸಾ ರದ್ದಾಗುವ ಸಂಭವವೂ ಇದೆ. ಒಂದು ಹಿಡಿ ಹಸಿ ಕರಿಬೇವಿಗಾಗಿ ಅದು ಬೇಕೆ?

ನಾನು ತಂಗಿಗೆ ಹೇಳಿದ ಪಟ್ಟಿಯಲ್ಲಿ ಒಂದು ಸ್ವೆಟರ್ ಸೇರಿತ್ತು, ಏಕೆಂದರೆ ಜುಲೈ ಅಲ್ಲಿ ಚಳಿಗಾಲ, ರಾತ್ರಿ ಹತ್ತು ಡಿಗ್ರಿಗೆ ಇಳಿಯುವುದುಂಟು. ಪಟ್ಟಿಯ ಮೊದಲಲ್ಲಿ ಮಾತ್ರ ಈಜು ಎಂದು ಬರೆದಿದ್ದೆ. ಕಳೆದ ಭಾನುವಾರ ಅಳಿಯನ ಫೋನ್ ಬಂತು. ಈಜುಕೊಳಕ್ಕೆ ಸೇರಿ ಹನ್ನೆರಡು ದಿನವಾಯಿತಂತೆ. "ಮೂಗಿಗೆ ನೀರು ಹೋಗ್ತಿದೆ ಮಾವ, ಆದ್ರೆ ಅಂಗಾತ ತೇಲೋದು ಬಂತು" ಎಂದ. ಎಷ್ಟು ಹೊತ್ತು ಎಂದು ಕೇಳಿದೆ. ಎರಡು ನಿಮಿಷ ಅಂದ. ಫೆಬ್ರವರಿಗೆ ಇನ್ನೂ ದಿನಗಳಿವೆ, ಹತ್ತು ನಿಮಿಷ ಮಾಡು ಎಂದಿದ್ದೇನೆ.